ನೋಟಿನ ಮೇಲೆ ಪರೀಕ್ಷೆಯಾದ ತಂಪು ಕನ್ನಡಕ

ಬಳ್ಳಾರಿಯಿಂದ ತೋರಣಗಲ್ಲಿನ ಕಡೆಗೆ ದಿನವೂ ಬೈಕಿನಲ್ಲಿ ಹೋಗಿಬರುವವರಿಗೆ ಬೇಸಿಗೆಯ 40 ಡಿಗ್ರಿ ಬಿಸಿಲಿನ ಜೊತೆಗೆ ಅದಿರು ಲಾರಿಗಳ ಕೆಂಧೂಳೂ ಇರುವುದರಿಂದ, ತಂಪು ಕನ್ನಡಕವನ್ನು ಬರೀ ಷೋಕಿಯ ವಸ್ತುವೆನ್ನಲಾಗದು. ಹಾಗೆಂದು ಷೋಕಿ ಬೇಡವೆಂದೇನೂ ನನ್ನ ಮಾತಲ್ಲ. ಎರಡು ವರ್ಷ ನಾನು ಹಾಕಿಕೊಂಡದ್ದು ರಸ್ತೆಬದಿಯಲ್ಲಿ 150 ರೂಪಾಯಿಗೆ ಕೊಂಡ ಕಡುಗಪ್ಪು ಕನ್ನಡಕ. ಸಂಜೆಗೆ ಕಣ್ಣು ಉರಿದರೆ ತಪ್ಪನ್ನೆಲ್ಲ ಧೂಳಿನ ಮೇಲೆ ಹೊರಿಸಿ ಸುಮ್ಮನಾಗುತ್ತಿದ್ದೆ.

ಕಳೆದ ತಿಂಗಳು ರಾಯಲ್ ಸರ್ಕಲ್ ಹತ್ತಿರದ ಕನ್ನಡಕದ ಒಂದು ಹಳೆಯ ಅಂಗಡಿಗೆ ಹೋದಾಗ, ಮಾಲೀಕರು ಹೊಸದನ್ನು ತೋರಿಸುವ ಮೊದಲು ನನ್ನ ಹಳೆಯದನ್ನೇ ಕೇಳಿ ಪಡೆದರು. ಗಲ್ಲಾಪೆಟ್ಟಿಗೆಯಿಂದ 500ರ ನೋಟೊಂದನ್ನು ತೆಗೆದು, ಅತಿನೇರಳೆ ಬೆಳಕಿನ ಪುಟ್ಟ ಟಾರ್ಚನ್ನು ನನ್ನ ಕನ್ನಡಕದ ಮೂಲಕ ಅದರ ಮೇಲೆ ಬಿಟ್ಟರು. ನೋಟಿನ ಸಂಖ್ಯೆಗಳು ಮಿನುಗಿದವು, ಅಂದರೆ ಆ ಬೆಳಕು ನನ್ನ ಕನ್ನಡಕವನ್ನು ದಾಟಿ ಹೋಗುತ್ತಿತ್ತು. ಆಮೇಲೆ ಯುವಿ 400 ಗುರುತಿದ್ದ ಕನ್ನಡಕವನ್ನು ಅಡ್ಡ ಹಿಡಿದರು. ಅದು ನನ್ನದಕ್ಕಿಂತ ತೆಳು ಬಣ್ಣದ್ದಾಗಿದ್ದರೂ ಮಿನುಗು ಪೂರ್ತಿ ಆರಿಹೋಯಿತು. "ಕಪ್ಪಗಿದ್ರ ಕಣ್ಣಿಗೆ ಒಳ್ಳೇದು ಅಂತ ತಿಳ್ಕಂಡಾರ ಸರ್, ಅದು ಬರೀ ನೆರಳು ನೋಡ್ರಿ" ಎಂದರು. ಗಾಜು ಕಪ್ಪಗಿದ್ದಷ್ಟೂ ಕಣ್ಣಿನ ಪಾಪೆ ಹಿಗ್ಗುತ್ತದೆ. ಅತಿನೇರಳೆ ಕಿರಣಗಳನ್ನು ತಡೆಯುವ ಗುಣ ಅದಕ್ಕಿಲ್ಲದಿದ್ದರೆ, ಹಿಗ್ಗಿದ ಪಾಪೆಯ ಮೂಲಕ ಆ ಕಿರಣಗಳು ಇನ್ನಷ್ಟು ಒಳಗೆ ಹೋಗುತ್ತವೆ. ಯುವಿ 400 ಎಂದರೆ 400 ನ್ಯಾನೋಮೀಟರ್‌ವರೆಗಿನ ಅತಿನೇರಳೆ (ಯುವಿ) ಕಿರಣಗಳಿಗೆ ತಡೆ ಎಂದರ್ಥ.

ಪೋಲರೈಸ್ಡ್ ಎಂಬ ಗುಣ ಇದರಿಂದ ಬೇರೆಯೇ ಆದದ್ದು. ಅದು ಡಾಂಬರು ರಸ್ತೆ, ಕಾರಿನ ಬಾನೆಟ್ಟು ಅಥವಾ ನೀರಿನಿಂದ ಚಿಮ್ಮುವ ಪ್ರತಿಫಲನವನ್ನು ಕಡಿಮೆ ಮಾಡುತ್ತದೆಯೇ ಹೊರತು ಅತಿನೇರಳೆ ಕಿರಣಗಳಿಗೆ ಖಾತರಿಯಲ್ಲ. ಎರಡನ್ನೂ ಬೇರೆಬೇರೆಯಾಗಿ ಕೇಳಿ ತಿಳಿಯಬೇಕು. ನಾನು ಎರಡೂ ಇರುವ ಕಂದು ಬಣ್ಣದ, ಗಾಜಿನ ಕಪ್ಪಿನ ಲೆಕ್ಕದಲ್ಲಿ ಮೂರನೆಯ ಶ್ರೇಣಿಯ ಕನ್ನಡಕವನ್ನು 1,850 ರೂಪಾಯಿಗೆ ಕೊಂಡೆ. ನಾಲ್ಕನೆಯ ಶ್ರೇಣಿಯದು ವಾಹನ ಓಡಿಸಲು ಸಲ್ಲದಷ್ಟು ಕಪ್ಪು.

ಅಂದದ ವಿಷಯದಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಜಗ್ಗಾಟವಾಯಿತು. ನನಗೆ ಇಷ್ಟವಾದ ದುಂಡನೆಯ ಸಣ್ಣ ಫ್ರೇಮನ್ನು ಹಾಕಿಸಿ, ಪಕ್ಕದಿಂದ ಎಷ್ಟು ಬೆಳಕು ನುಗ್ಗುತ್ತದೆಂದು ಅವರು ಬಾಗಿಲಿನಾಚೆ ಬಿಸಿಲಿನಲ್ಲಿ ನಿಲ್ಲಿಸಿ ತೋರಿಸಿದ ಮೇಲೆ, ಕೆನ್ನೆಯವರೆಗೆ ಇಳಿಯುವ ಅಗಲದ್ದನ್ನೇ ಒಪ್ಪಿಕೊಂಡೆ. ಮನೆಯಲ್ಲಿ ಮಗಳು ನಕ್ಕಳು. ಹೆಂಡತಿ ಪರವಾಗಿಲ್ಲವೆಂದಳು, ಅದು ಆಕೆಯ ಮಟ್ಟಿಗೆ ದೊಡ್ಡ ಮಾತು.

ಕೊರತೆಗಳೂ ಇವೆ. ಹೆಂಗಸರ ಮುಖಕ್ಕೆ ಒಪ್ಪುವ ಮಾದರಿಗಳು ಅಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚಿಲ್ಲ, ಪವರ್ ಇರುವ ತಂಪು ಕನ್ನಡಕಕ್ಕೆ ಹತ್ತು ದಿನ ಕಾಯಬೇಕು. ಪೋಲರೈಸ್ಡ್ ಆದ್ದರಿಂದ ಮೊಬೈಲನ್ನು ಅಡ್ಡ ಹಿಡಿದಾಗ ಪರದೆ ಕಪ್ಪಾಗುತ್ತದೆ, ಇದನ್ನು ಅವರು ಮೊದಲೇ ಹೇಳಬಹುದಿತ್ತು. ಎರಡನೇ ವಾರಕ್ಕೆ ಬೆವರಿನಿಂದ ಮೂಗಿನ ಮೇಲೆ ಜಾರತೊಡಗಿದ್ದಕ್ಕೆ ಮತ್ತೆ ಹೋದೆ. ಕಡ್ಡಿಗಳನ್ನು ಬಿಸಿ ಮಾಡಿ ಕಿವಿಯ ಹಿಂದೆ ಬಾಗಿಸಿ ಕೊಟ್ಟರು, ದುಡ್ಡು ಕೇಳಲಿಲ್ಲ. ಸಂಜೆಯ ಉರಿ ಈಗ ಧೂಳೆದ್ದ ದಿನಗಳಲ್ಲಿ ಮಾತ್ರ ಬರುತ್ತದೆ.