ದಾಳಿಂಬೆಯ ಗಂಟುಬೇರಿಗೆ ಪೆಸಿಲೋಮೈಸಿಸ್ ಪುಡಿ: ಹಲವು ಬಹಾರುಗಳ ಬಳಕೆಯ ನಂತರ

ಕುಷ್ಟಗಿ ಕಡೆಯ ಮಸಾರಿ ಭೂಮಿಯಲ್ಲಿ ಭಗವಾ ದಾಳಿಂಬೆ ಬೆಳೆಯುವವರಿಗೆ ಗಂಟುಬೇರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನೀರು, ಗೊಬ್ಬರ ಎಷ್ಟು ಕೊಟ್ಟರೂ ಗಿಡ ಹಳದಿಯಾಗಿಯೇ ನಿಂತಿದ್ದರೆ ಬುಡ ಕೆದಕಿ ನೋಡಿ, ಎಳೆಬೇರಿನ ತುಂಬ ಗಂಟುಗಳಿರುತ್ತವೆ. ಅದು ಮಣ್ಣಿನಲ್ಲಿರುವ, ಬೇರಿಗೆ ಹತ್ತುವ ಜಂತುಹುಳುವಿನ (ನೆಮಟೋಡ್) ಕೆಲಸ. ಎಷ್ಟೋ ತೋಟಗಳಿಗೆ ಅದು ನರ್ಸರಿ ಸಸಿಯ ಮಣ್ಣಿನ ಜೊತೆಗೇ ಬರುತ್ತದೆ.

ಇದಕ್ಕೆ ನಾನು ಬಳಸುತ್ತಿರುವುದು ಪೆಸಿಲೋಮೈಸಿಸ್ ಲಿಲಾಸಿನಸ್ ಶಿಲೀಂಧ್ರದ ಪುಡಿ. (ಚೀಟಿಯ ಮೇಲೆ ಪರ್ಪ್ಯೂರಿಯೋಸಿಲಿಯಂ ಎಂದಿದ್ದರೂ ಅದೇ ಮಾಲು.) ಹೆಣ್ಣು ಜಂತು ಬೇರಿನ ಮೇಲೆ ಲೋಳೆಯ ಮುದ್ದೆಯಲ್ಲಿ ನೂರಾರು ಮೊಟ್ಟೆ ಇಡುತ್ತದೆ, ಶಿಲೀಂಧ್ರ ಆ ಮೊಟ್ಟೆಗಳನ್ನು ಕೊರೆದು ಒಳಹೊಕ್ಕು ತಿನ್ನುತ್ತದೆ. ಹಾಗಾಗಿ ಈಗಾಗಲೇ ಆದ ಗಂಟು ಕರಗುವುದಿಲ್ಲ, ಮುಂದಿನ ಪೀಳಿಗೆಯ ಹುಳು ಕಡಿಮೆಯಾಗುತ್ತದೆ. ವಾರದಲ್ಲಿ ಗುಣ ಕಾಣಬೇಕೆನ್ನುವವರು ದುಡ್ಡು ಹಾಕಬೇಡಿ. ನನ್ನ ತೋಟದಲ್ಲಿ ಮೊದಲ ಬಹಾರಿನಲ್ಲಿ (ಬಹಾರು ಎಂದರೆ ಹೂ ಬಿಡಿಸಿ ಫಸಲು ತೆಗೆಯುವ ಒಂದು ಹಂಗಾಮು) ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮುಂದಿನದರಲ್ಲಿ ಗಂಟಿಲ್ಲದ ಬಿಳಿಬೇರು ಕಣ್ಣಿಗೆ ಬೀಳತೊಡಗಿತು.

ಪುಡಿಯನ್ನು ಬರಿದೇ ಎರಚಿದರೆ ನಮ್ಮ ಬಡ ಮಣ್ಣಿನಲ್ಲಿ ಅದು ಹೆಚ್ಚು ಕಾಲ ಬದುಕುವುದಿಲ್ಲ. 1 ಟನ್ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಕ್ಕೆ 2 ಕಿಲೋ ಪುಡಿ, ಜೊತೆಗೆ ಬೇವಿನ ಹಿಂಡಿ ಬೆರೆಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನೆರಳಿನಲ್ಲಿ ರಾಶಿ ಹಾಕಿ ಗೋಣಿಚೀಲ ಹೊದಿಸಿ, ನಡುನಡುವೆ ತಿರುವಿ, ಸುಮಾರು 15 ದಿನ ಬಿಟ್ಟು ಡ್ರಿಪ್ಪಿನ ನೀರು ಬೀಳುವ ಜಾಗಕ್ಕೆ ಹಾಕಬೇಕು. ಊರಲ್ಲಿ ದನಗಳೇ ಕಡಿಮೆಯಾಗಿರುವುದರಿಂದ ಪುಡಿಗಿಂತ ಗೊಬ್ಬರದ ಖರ್ಚೇ ಹೆಚ್ಚು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ದೊಡ್ಡ ತೊಡಕು ಸೊರಗು ರೋಗದ್ದು. ಪಕ್ಕದ ತೋಟದಲ್ಲಿ ಒಂದು ಗಿಡ ಒಣಗಿದರೆ ಸಾಕು, ಎಲ್ಲರೂ ಕಾರ್ಬೆಂಡಜಿಮ್, ಪ್ರೊಪಿಕೊನಜೋಲ್‌ನಂಥ ಶಿಲೀಂಧ್ರನಾಶಕ ಬುಡಕ್ಕೆ ಸುರಿಯುತ್ತಾರೆ. ರೋಗದ ಶಿಲೀಂಧ್ರ ಯಾವುದು, ನಾವು ದುಡ್ಡು ಕೊಟ್ಟು ತಂದದ್ದು ಯಾವುದು ಎಂದು ಆ ಔಷಧ ವಿಚಾರಿಸುವುದಿಲ್ಲ. ನಾನು ಆ ಔಷಧಕ್ಕೂ ಈ ಗೊಬ್ಬರಕ್ಕೂ ನಡುವೆ ಕೆಲವು ವಾರಗಳ ಅಂತರ ಬಿಡುತ್ತೇನೆ. ಅನಿವಾರ್ಯವಾಗಿ ಸುರಿದರೆ ಆಮೇಲೆ ಗೊಬ್ಬರವನ್ನು ಮತ್ತೆ ಕೊಡುತ್ತೇನೆ.

ಕೊಳ್ಳುವಾಗ ತಯಾರಾದ ದಿನಾಂಕ ನೋಡಿ, ಇದು ಜೀವವಿರುವ ಸರಕು. ನಮ್ಮ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಗೋದಾಮಿನಲ್ಲಿ ಮೇ ತಿಂಗಳು ಕಳೆದ ಪ್ಯಾಕೆಟ್ಟಿನಲ್ಲಿ ಏನು ಉಳಿದೀತು? ನನಗೂ ಒಮ್ಮೆ ಅಂಥದ್ದೇ ಬಂತು. ಗೊಬ್ಬರದ ರಾಶಿಯಲ್ಲಿ ಶಿಲೀಂಧ್ರದ ಒಂದು ಬಿಳಿ ಎಳೆಯೂ ಕಾಣಲಿಲ್ಲ, ಅಂಗಡಿಯವರು ಬದಲಿಸಿಯೂ ಕೊಡಲಿಲ್ಲ.

ಹೊಸದಾಗಿ ನಾಟಿ ಮಾಡುವವರು ಗುಂಡಿ ತುಂಬುವಾಗಲೇ ಈ ಗೊಬ್ಬರ ಹಾಕುವುದು ಲೇಸು. ಬೇರೆಲ್ಲ ಗಂಟಾಗಿ ಅರ್ಧ ಒಣಗಿದ ತೋಟಕ್ಕೆ ಇದೊಂದನ್ನೇ ನಂಬಿ ಕೂರಬೇಡಿ. ನಾನಂತೂ ಮುಂದಿನ ಬಹಾರಿಗೂ ಇದನ್ನೇ ತರುತ್ತೇನೆ, ಬೇರೆ ಅಂಗಡಿಯಿಂದ.