ಬಿಸಿಲಿಗೆ ಇಳಿಯುವ ಮುಂಚೆ ಮೈಗೆ ಸೆಂಟು ಹಚ್ಚಬೇಡಿ

ಬೇಸಿಗೆಯಲ್ಲಿ ಓಡುವವರು, ಸೈಕಲ್ ತುಳಿಯುವವರು, ಬಯಲಲ್ಲಿ ಕ್ರಿಕೆಟ್ ಆಡುವವರು ದಯವಿಟ್ಟು ಇದನ್ನು ಓದಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರಿಗೂ ಓದಿಸಿ. ನಿಂಬೆ, ಬರ್ಗಮಾಟ್ ಇಂಥ ಹುಳಿಹಣ್ಣುಗಳ ಸಿಪ್ಪೆಯ ಎಣ್ಣೆ ಇರುವ ಸೆಂಟನ್ನೋ ಅತ್ತರನ್ನೋ ಮೈಗೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡಬಹುದು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಸುಡುತ್ತದೆ. ಬೊಬ್ಬೆ ಏಳುತ್ತದೆ. ಆಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ನನಗೆ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬಳ್ಳಾರಿ. ಇಲ್ಲಿ ಏಪ್ರಿಲ್, ಮೇ ಬಂದರೆ 40 ಡಿಗ್ರಿ ಅನ್ನೋದು ದೊಡ್ಡ ಸುದ್ದಿಯೇ ಅಲ್ಲ. ಭಾನುವಾರ ಬೆಳಗ್ಗೆ ನಾವೊಂದಷ್ಟು ಜನ ಸೈಕಲ್ ಹತ್ತಿ ಸಂಡೂರಿನ ದಾರಿ ಹಿಡಿಯುತ್ತೇವೆ. ಹೊರಡುವಾಗ ತಂಪಾಗಿರುತ್ತದೆ, ವಾಪಸ್ ಬರುವಾಗ ಡಾಂಬರು ಕಾದಿರುತ್ತದೆ. ಬೆವರಿಗಂತೂ ಲೆಕ್ಕವಿಲ್ಲ. ದಾರಿಯಲ್ಲಿ ಹೋಟೆಲ್ ಕಂಡಾಗ ಒಗ್ಗರಣೆ, ಮಿರ್ಚಿ ತಿನ್ನಲು ಕೂತರೆ ಪಕ್ಕದವರಿಗೆ ನಮ್ಮ ವಾಸನೆ ಹೊಡೆಯಬಾರದು ಅನ್ನುವ ಸಂಕೋಚ ಎಲ್ಲರಿಗೂ ಇರುತ್ತದೆ ಅಲ್ವಾ. ನನಗೂ ಇತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಊರಿನ ಒಂದು ಮಾರಾಟ ಮೇಳಕ್ಕೆ ಹೋಗಿದ್ದೆ. ಗಿಡಮೂಲಿಕೆ ಸೋಪು, ತಲೆಗೆ ಹಚ್ಚುವ ಎಣ್ಣೆ, ಅತ್ತರು ಇಟ್ಟುಕೊಂಡ ಮಳಿಗೆ ಒಂದಿತ್ತು. ಮಾರುವವರು ನನ್ನ ಮಣಿಕಟ್ಟಿನ ಮೇಲೆ ರೋಲ್ ಆನ್‌ನಿಂದ ಒಂದು ಗೆರೆ ಎಳೆದು "ಮೂಸಿ ನೋಡಿ" ಅಂದರು. ಘಮ ತುಂಬ ಚೆನ್ನಾಗಿತ್ತು. ಆಗಷ್ಟೇ ಕಿತ್ತಳೆ ಸುಲಿದಾಗ ಬರುವ ವಾಸನೆ, ಅದರ ಹಿಂದೆಯೇ ಸ್ವಲ್ಪ ಹೂವಿನದು. "ಇದು ಪ್ಯೂರ್ ಬರ್ಗಮಾಟ್. ಒಂದು ಹನಿ ಕೆಮಿಕಲ್ ಇಲ್ಲ, ಆಲ್ಕೋಹಾಲ್ ಇಲ್ಲ. ಗ್ರೌಂಡಿಗೆ ಹೋಗೋರೆಲ್ಲ ಇದನ್ನೇ ಒಯ್ತಾರೆ. ಮಕ್ಕಳಿಗೂ ಹಚ್ಚಬಹುದು" ಅಂದರು. "ಬಿಸಿಲಲ್ಲಿ ಹಚ್ಚಿಕೊಂಡ್ರೆ ಏನೂ ಆಗಲ್ವಾ?" ಅಂತ ಕೇಳಿದೆ. "ಬಿಸಿಲಿಗೆ ಅಂತಲೇ ಮಾಡಿರೋದು" ಅನ್ನುವ ಉತ್ತರ ಬಂತು.

ಆ ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರ, ನ್ಯಾಚುರಲ್ ಅನ್ನುವ ದೊಡ್ಡ ಅಕ್ಷರ, ಬೆಲೆ. ಅಷ್ಟೇ. ತಯಾರಿಸಿದವರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಒಳಗೆ ಏನೇನು ಎಷ್ಟೆಷ್ಟು ಸೇರಿಸಿದ್ದಾರೆ ಅನ್ನುವುದೂ ಇಲ್ಲ. ಇಂಥ ಬಾಟಲಿಗಳು ಈಗ ಜಾತ್ರೆಯಲ್ಲಿ, ಮೇಳದಲ್ಲಿ, ಮೊಬೈಲ್ ಜಾಹೀರಾತಿನಲ್ಲಿ ಎಲ್ಲೆಲ್ಲೂ ಇವೆ.

ಆ ಭಾನುವಾರ ಎರಡು ಕಿವಿಗಳ ಕೆಳಗೆ ಮತ್ತು ಮೊಣಕೈಯ ಒಳಮಡಿಕೆಗೆ ಹಚ್ಚಿ ಹೊರಟೆ. ಬಿಸಿಗೆ ಘಮ ಬೇಗ ಹಾರಿಹೋಯಿತು. ಚಹಾಕ್ಕೆ ನಿಂತಾಗ ಇನ್ನೊಂದು ಸಲ ಹಚ್ಚಿದೆ. ಮನೆಗೆ ಬಂದು ಸ್ನಾನ ಮಾಡಿದಾಗ ಏನೂ ಕಾಣಲಿಲ್ಲ. ಮಾರನೇ ದಿನ ಸಂಜೆ ಕುತ್ತಿಗೆ ಉರಿಯತೊಡಗಿತು. ಅದರ ಮಾರನೇ ದಿನ ಶರಟಿನ ಕಾಲರ್ ತಾಗಿದರೂ ತಡೆಯಲು ಆಗುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಿವಿಯ ಕೆಳಗಿನಿಂದ ಕೊರಳೆಲುಬಿನ ತನಕ ಕೆಂಪು ಪಟ್ಟೆ, ಹಣತೆಯಿಂದ ಎಣ್ಣೆ ಸೋರಿದ ಹಾಗೆ. ಮೇಲೆ ಅಗಲ, ಕೆಳಗೆ ಬರುತ್ತಾ ಸಣ್ಣ, ತುದಿಯಲ್ಲಿ ಒಂದು ದಪ್ಪ ಹನಿ. ಅದರ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳು. ಬೆವರು ಆ ಎಣ್ಣೆಯನ್ನು ಎಲ್ಲೆಲ್ಲಿಗೆ ಇಳಿಸಿತ್ತೋ ಅಲ್ಲಲ್ಲಿಗೆ ಸರಿಯಾಗಿ ಸುಟ್ಟಿತ್ತು. ಪಕ್ಕದ ಚರ್ಮಕ್ಕೆ ಏನೂ ಆಗಿರಲಿಲ್ಲ.

ಮನೆಯಲ್ಲಿ ಮೊದಲು ಯಾವುದೋ ಹುಳ ಹರಿದಿರಬೇಕು ಅಂದರು. ಎದುರುಮನೆ ಅಜ್ಜಿ ನೋಡಿ "ಇದು ಸರ್ಪಸುತ್ತು ನೋಡಪ, ಕೆಮ್ಮಣ್ಣು ಹಚ್ಚಿಸಿಕೊಂಡು ಬಾ" ಅಂದರು. ಅಜ್ಜಿಯ ಕಾಳಜಿ ದೊಡ್ಡದು. ಆದರೆ ಸರ್ಪಸುತ್ತು ಸಾಮಾನ್ಯವಾಗಿ ಒಂದೇ ಬದಿಗೆ, ನರದ ಜಾಡು ಹಿಡಿದು ಬರುತ್ತದೆ. ನನಗೆ ಎರಡೂ ಬದಿಗೆ, ಮೊಣಕೈಯಲ್ಲೂ ಇತ್ತು. ಇಷ್ಟರಲ್ಲಿ ಒಂದು ಮೆಡಿಕಲ್ ಶಾಪ್‌ನವರು ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ಟರು. ಅದು ಸ್ಟೀರಾಯ್ಡ್, ಬ್ಯಾಕ್ಟೀರಿಯಾದ ಔಷಧ, ಫಂಗಸ್‌ನ ಔಷಧ ಮೂರೂ ಕಲಸಿದ ಮುಲಾಮು ಅಂತ ಆಮೇಲೆ ಗೊತ್ತಾಯಿತು. ಏನು ಕಾಯಿಲೆ ಅಂತ ಗೊತ್ತಿಲ್ಲದೆ ಇಂಥದ್ದನ್ನು ಸುಮ್ನೆ ಹಚ್ಚಬಾರದು. ತುಂಬ ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಹೊಸ ತೊಂದರೆಗಳೇ ಶುರುವಾಗುತ್ತವೆ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಪಟ್ಟೆಯ ಆಕಾರ ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ. "ಕುತ್ತಿಗೆಗೆ ಏನು ಹಚ್ಚಿಕೊಂಡು ಬಿಸಿಲಿಗೆ ಹೋಗಿದ್ರಿ?"

ಬರ್ಗಮಾಟ್ ಅಂದರೆ ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ ಹೆಚ್ಚಾಗಿ ಬೆಳೆಯುವ ಒಂದು ಹುಳಿಹಣ್ಣು. ಅರ್ಲ್ ಗ್ರೇ ಚಹಾಕ್ಕೆ ಆ ಘಮ ಕೊಡುವುದು ಇದೇ. ಜರ್ಮನಿಯ ಕಲೋನ್ ಊರಿನಲ್ಲಿ 1709ರಲ್ಲಿ ಶುರುವಾದ ಫರೀನಾ ಮನೆತನದ ಕಲೋನ್ ನೀರು ಅನ್ನುವ ಸೆಂಟಿನಲ್ಲೂ ಇದೇ ಮುಖ್ಯ. ಇದರ ಸಿಪ್ಪೆಯನ್ನು ಹಿಂಡಿ ತೆಗೆದ ಎಣ್ಣೆಯಲ್ಲಿ ಬರ್ಗಾಪ್ಟೀನ್ ಅನ್ನುವ ಒಂದು ಅಂಶ ಇರುತ್ತದೆ. ಅದು ಗಿಡಗಳಲ್ಲಿರುವ ಸೋರಾಲಿನ್ ಅನ್ನುವ ರಾಸಾಯನಿಕಗಳ ಕುಟುಂಬಕ್ಕೆ ಸೇರಿದ್ದು. ಕತ್ತಲಲ್ಲಿ ಅದು ಚರ್ಮದ ಮೇಲೆ ಸುಮ್ಮನೆ ಕೂತಿರುತ್ತದೆ. ಬಿಸಿಲಿನ ಯುವಿ-ಎ (ಒಂದು ಬಗೆಯ ಅತಿನೇರಳೆ) ಕಿರಣ ಬಿದ್ದರೆ ಜೀವಕೋಶಗಳ ಡಿಎನ್‌ಎಗೆ ಅಂಟಿಕೊಂಡು ಅವನ್ನು ಹಾಳು ಮಾಡುತ್ತದೆ. ನಮ್ಮ ಆಯುರ್ವೇದದಲ್ಲಿ ತೊನ್ನಿಗೆ ಬಾವಂಚಿ ಬೀಜ ಬಳಸುತ್ತಾರಲ್ಲ, ಅದರಲ್ಲಿರುವುದೂ ಸೋರಾಲಿನ್. ಡಾಕ್ಟರುಗಳು ಅದನ್ನು ಅಳತೆ ಮಾಡಿ ಕೊಟ್ಟು, ಬೆಳಕನ್ನೂ ಅಳತೆ ಮಾಡಿ ಬಿಟ್ಟು ಚಿಕಿತ್ಸೆ ಮಾಡುತ್ತಾರೆ. ನನ್ನ ಕುತ್ತಿಗೆಯ ಮೇಲೆ ಅದು ಯಾವ ಅಳತೆಯೂ ಇಲ್ಲದೆ, ಬಳ್ಳಾರಿಯ ಬಿಸಿಲಲ್ಲಿ ಕೆಲಸ ಮಾಡಿತ್ತು.

ಇದು ಹೊಸ ವಿಷಯವೂ ಅಲ್ಲ. ಕಲೋನ್ ಹಚ್ಚಿ ಬಿಸಿಲಿಗೆ ಹೋದವರ ಚರ್ಮದಲ್ಲಿ ಕಲೆ ಬೀಳುವುದನ್ನು 1916ರಲ್ಲೇ ಫ್ರಾಯಿಂಡ್ ಎಂಬ ವೈದ್ಯರು ದಾಖಲಿಸಿದ್ದರು. ಆ ಮಾಹಿತಿ ಮಾರುವವರಿಗೆ ಇಲ್ಲ ಅನ್ನುವುದೇ ನನಗೆ ಸಿಟ್ಟು ಬರಿಸುವ ಸಂಗತಿ. ಒಳ್ಳೆಯ ಕಂಪನಿಗಳು ಈ ಅಂಶವನ್ನು ತೆಗೆದುಹಾಕಿದ ಎಣ್ಣೆಯನ್ನು ಬಳಸುತ್ತವೆ. ತೆಗೆಯದೆ ಬಳಸುವುದಾದರೆ, ಬಿಸಿಲು ಬೀಳುವ ಚರ್ಮಕ್ಕೆ ಹಚ್ಚಿ ಬಿಡುವ ಉತ್ಪನ್ನದಲ್ಲಿ ಬರ್ಗಮಾಟ್ ಎಣ್ಣೆ ಶೇ. 0.4 ದಾಟಬಾರದು ಅಂತ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆ ಇಫ್ರಾ ಮಿತಿ ಹಾಕಿದೆ. ಅಂದರೆ 10 ಮಿಲಿ ಬಾಟಲಿಗೆ ಸುಮಾರು ಒಂದು ಹನಿ! ನನಗೆ ಮಾರಿದ್ದು "ಪ್ಯೂರ್" ಅಂತ. ಅಲ್ಲಿಗೆ ನೀವೇ ಲೆಕ್ಕ ಹಾಕಿ.

ಇನ್ನೊಂದು ಮಾತು ಗಮನಿಸಿ. ಘಮ ಹೋಯಿತು ಅಂದರೆ ಬರ್ಗಾಪ್ಟೀನ್ ಹೋಯಿತು ಅಂತ ಅಲ್ಲ. ಘಮದ ಹಗುರ ಅಂಶಗಳು ಬಿಸಿಗೆ ಬೇಗ ಆವಿಯಾಗುತ್ತವೆ, ಇದು ಅಷ್ಟು ಸುಲಭವಾಗಿ ಹಾರುವುದಿಲ್ಲ, ಚರ್ಮದ ಮೇಲೇ ಉಳಿಯುತ್ತದೆ. ಘಮ ಹೋಯಿತಲ್ಲ ಅಂತ ಮತ್ತೆ ಮತ್ತೆ ಹಚ್ಚಿದಷ್ಟೂ ಪದರ ದಪ್ಪವಾಗುತ್ತದೆ. ಬೆವರಿ ನೆನೆದ ಚರ್ಮ ಅದನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಹಾಗಾಗಿ ವ್ಯಾಯಾಮ ಮಾಡುವವರಿಗೇ ಇದು ಹೆಚ್ಚು ಅಪಾಯ. ಮೋಡ ಇದೆ, ಕಾರಿನೊಳಗೆ ಇದ್ದೇನೆ ಅಂತ ನೆಚ್ಚಿಕೊಳ್ಳುವ ಹಾಗೂ ಇಲ್ಲ. ಯುವಿ-ಎ ಮೋಡ ದಾಟಿ ಬರುತ್ತದೆ, ಸಾಮಾನ್ಯ ಗಾಜಿನಿಂದಲೂ ಒಂದಷ್ಟು ಒಳಗೆ ಬರುತ್ತದೆ.

ಮಳಿಗೆಯವರ ನಂಬರ್ ಹುಡುಕಿ ಫೋನ್ ಮಾಡಿದೆ. "ನಿಮ್ಮದು ಸೆನ್ಸಿಟಿವ್ ಸ್ಕಿನ್ ಇರಬೇಕು, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಇದು ಸುಳ್ಳು ಸಮಾಧಾನ. ಅಲರ್ಜಿ ಆದರೆ ಕೆಲವರಿಗೆ ಆಗುತ್ತದೆ, ಕೆಲವರಿಗೆ ಇಲ್ಲ. ಇದು ಅಲರ್ಜಿ ಅಲ್ಲ. ಆ ಎಣ್ಣೆ ಸಾಕಷ್ಟು ಇದ್ದು, ಸಾಕಷ್ಟು ಬಿಸಿಲು ಬಿದ್ದರೆ ಯಾರ ಚರ್ಮವಾದರೂ ಸುಡುತ್ತದೆ. ಮಣಿಕಟ್ಟಿಗೆ ಹಚ್ಚಿ ನೋಡಿ ಏನೂ ಆಗಲಿಲ್ಲ ಅಂತ ಧೈರ್ಯ ತಂದುಕೊಳ್ಳುವುದೂ ತಪ್ಪು. ಮೇಳದ ಶಾಮಿಯಾನದ ನೆರಳಲ್ಲಿ ಏನೂ ಆಗುವುದಿಲ್ಲ.

ಅಡುಗೆಮನೆಯ ನಿಂಬೆಗೂ ಇದೇ ಮಾತು. ಬೆವರಿನ ವಾಸನೆಗೆ ಕಂಕುಳಿಗೆ ನಿಂಬೆ ಉಜ್ಜಿ ಅಂತ, ಟ್ಯಾನ್ ಹೋಗಲು ಮುಖಕ್ಕೆ ನಿಂಬೆರಸ ಹಚ್ಚಿ ಅಂತ ವಿಡಿಯೋಗಳು ಬರುತ್ತಲೇ ಇರುತ್ತವೆ. ಹಾಗೆ ಹಚ್ಚಿಕೊಂಡು ತೋಳಿಲ್ಲದ ಬನಿಯನ್ ಹಾಕಿ ಓಡಲು ಹೋಗಬೇಡಿ. ರಾಮನವಮಿಗೆ ಪಾನಕ ಮಾಡಲು ಬಯಲಲ್ಲಿ ಕೂತು ರಾಶಿ ನಿಂಬೆ ಹಿಂಡುವವರು ಬಿಸಿಲಿಗೆ ಬರುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ನಿಂಬೆ ಹಿಂಡಿದ ಕೈಯಲ್ಲೇ ಮಗುವನ್ನು ಎತ್ತಿಕೊಂಡರೆ ಮಗುವಿನ ಮೈಮೇಲೆ ಬೆರಳಿನ ಗುರುತೇ ಮೂಡಬಹುದು. ಯಾರೋ ಹೊಡೆದಿದ್ದಾರೆ ಅಂತ ಡಾಕ್ಟರುಗಳೇ ತಪ್ಪು ತಿಳಿದ ಪ್ರಸಂಗಗಳೂ ವೈದ್ಯಕೀಯ ದಾಖಲೆಯಲ್ಲಿವೆ. ನಮ್ಮ ಕಡೆ ಅಂಜೂರದ ತೋಟ ಇರುವವರಿಗೆ ಇನ್ನೊಂದು ಮಾತು: ಅಂಜೂರದ ಎಲೆ, ಕಾಂಡದ ಹಾಲಿನಲ್ಲೂ ಸೋರಾಲಿನ್ ಇದೆ.

ಹಾಗಾದರೆ ಬೇಸಿಗೆಯಲ್ಲಿ ಏನು ಹಚ್ಚಿಕೊಳ್ಳಬೇಕು? ಮೊದಲು ಬೆವರಿನ ವಿಷಯ. ಆಗಷ್ಟೇ ಬಂದ ಬೆವರಿಗೆ ಹೆಚ್ಚು ವಾಸನೆ ಇರುವುದಿಲ್ಲ. ಕಂಕುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಸೆಂಟು ಅದನ್ನು ನಿಲ್ಲಿಸುವುದಿಲ್ಲ, ಎರಡೂ ಬೆರೆತು ಇನ್ನೂ ಕೆಟ್ಟದಾಗುತ್ತದೆ. ಒಗೆದ ಬಟ್ಟೆ, ಸೋಪಿನ ಸ್ನಾನ, ಚೆನ್ನಾಗಿ ಒರೆಸಿಕೊಳ್ಳುವುದು, ಇವೇ ಮುಖ್ಯ. ಬೆವರು ಕಮ್ಮಿ ಮಾಡುವ ಆಂಟಿಪರ್ಸ್‌ಪಿರಂಟ್ ಬೇಕಿದ್ದರೆ ರಾತ್ರಿ ಮಲಗುವಾಗ ಒಣಗಿದ ಕಂಕುಳಿಗೆ ಹಚ್ಚಿ. ಅದರ ಅಲ್ಯೂಮಿನಿಯಂ ಲವಣ ಒಳಗೆ ಇಳಿಯಲು ಆಗ ಸಮಯ ಸಿಗುತ್ತದೆ. ಬೆಳಗ್ಗೆ ಬೆವರುತ್ತಾ ಹಚ್ಚಿದರೆ ಹರಿದುಹೋಗುತ್ತದೆ.

ಘಮ ಬೇಕೇಬೇಕು ಅನ್ನುವವರಿಗೆ ನನ್ನ ಆಯ್ಕೆ ಲಾವಂಚ. ಬೇರಿನಿಂದ ಭಟ್ಟಿ ಇಳಿಸಿದ ಎಣ್ಣೆ, ಹುಳಿಹಣ್ಣಿನ ಈ ಕಾಟ ಅದಕ್ಕಿಲ್ಲ, ಬಿಸಿಲಲ್ಲಿ ತಂಪು ಅನ್ನಿಸುತ್ತದೆ. ಊದ್, ಅಂಬರ್, ವೆನಿಲಾ ತರಹದ ಭಾರದ ಘಮಗಳನ್ನು ಚಳಿಗಾಲದ ಮದುವೆಗೆ ಇಟ್ಟುಕೊಳ್ಳಿ. ಬಿಸಿ ಮೈಮೇಲೆ ಅವು ಉಬ್ಬಿ ಎದುರಿನವರಿಗೆ ತಲೆನೋವು ತರಿಸುತ್ತವೆ. ಏನೇ ಆದರೂ ಮೈಗೆ ಬೇಡ, ಬಟ್ಟೆಗೆ ಹಾಕಿ. ಬಿಳಿ ಬಟ್ಟೆ, ರೇಷ್ಮೆಗೆ ಕಲೆ ಆಗಬಹುದು, ಹಾಗಾಗಿ ಒಳಮಡಿಕೆಗೆ ಮಾತ್ರ. ಬಾಟಲಿಯನ್ನು ಕಾರಿನಲ್ಲೋ ಸ್ಕೂಟರ್ ಸೀಟಿನ ಕೆಳಗೋ ಬಿಡಬೇಡಿ. ಗಾಳಿ ತಾಗಿ, ಬಿಸಿಗೆ ಕೆಟ್ಟ ಲಿಮೊನೀನ್, ಲಿನಾಲೂಲ್ ಥರದ ಘಮದ ಅಂಶಗಳು ಅಲರ್ಜಿ ಹುಟ್ಟಿಸಬಹುದು.

ಜಿಮ್ ಒಳಗೆ ಬಿಸಿಲಿಲ್ಲ, ನಿಜ. ಆದರೆ ಎಸಿ ಹಾಕಿ ಮುಚ್ಚಿದ ಕೋಣೆಯಲ್ಲಿ ಎದೆಯುಬ್ಬಿಸಿ ಉಸಿರಾಡುವವರ ನಡುವೆ ಬಾಡಿ ಸ್ಪ್ರೇ ಹೊಡೆದುಕೊಂಡರೆ ಅಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು. ವ್ಯಾಯಾಮ ಮುಗಿಸಿ, ಸ್ನಾನ ಮಾಡಿ, ಹೊರಡುವಾಗ ಹಾಕಿಕೊಳ್ಳಿ.

ಈಗಾಗಲೇ ಹಚ್ಚಿಕೊಂಡು ಹೊರಗೆ ಬಂದಿದ್ದರೆ ಕೂಡಲೇ ಸೋಪು ಹಾಕಿ ತೊಳೆಯಿರಿ. ಎಣ್ಣೆ ಬರೀ ನೀರಿಗೆ ಹೋಗುವುದಿಲ್ಲ. ಹಚ್ಚಿದ ಜಾಗವನ್ನು ಆ ದಿನ, ಮಾರನೇ ದಿನ ಬಟ್ಟೆಯಿಂದ ಮುಚ್ಚಿಡಿ. ಮೇಲೆ ಸನ್‌ಸ್ಕ್ರೀನ್ ಬಳಿದರೆ ಸಾಕು ಅಂದುಕೊಳ್ಳಬೇಡಿ. ಉರಿ ಸಾಮಾನ್ಯವಾಗಿ ಒಂದು ದಿನ ಕಳೆದು ಶುರುವಾಗಿ ಎರಡು ಮೂರು ದಿನಕ್ಕೆ ಜೋರಾಗುತ್ತದೆ, ಆದ್ದರಿಂದ ಮೊದಲ ದಿನ ಏನೂ ಕಾಣದಿದ್ದರೂ ಬಿಸಿಲಿಗೆ ಹೋಗಬೇಡಿ. ಬೊಬ್ಬೆ ಎದ್ದರೆ ಒಡೆಯಬೇಡಿ, ತಣ್ಣೀರು ಬಟ್ಟೆ ಇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ಆ ಬಾಟಲಿಯನ್ನೂ ಒಯ್ಯಿರಿ. ಆಮೇಲೆ ಉಳಿಯುವ ಕಲೆಗೆ ಬೆಳ್ಳಗಾಗುವ ಕ್ರೀಮು ಹಚ್ಚುವ ಆಸೆಗೆ ಬೀಳಬೇಡಿ. ಬಿಸಿಲಿನಿಂದ ಕಾಪಾಡಿಕೊಂಡರೆ ಅದು ನಿಧಾನಕ್ಕೆ ತಾನೇ ತಿಳಿಯಾಗುತ್ತದೆ. ನನ್ನದು ಇನ್ನೂ ಪೂರ್ತಿ ಹೋಗಿಲ್ಲ. ಈಗ ಸೈಕಲ್ ಹತ್ತುವಾಗ ಕುತ್ತಿಗೆಗೆ ತೆಳು ಹತ್ತಿ ಬಟ್ಟೆ ಸುತ್ತಿಕೊಂಡು ಹೋಗುತ್ತೇನೆ.