ಪ್ರಾಚೀನ ಇಂಗ್ಲಿಷ್ ಸಾಹಿತ್ಯದ ಕೋರ್ಸು: ಓದಿದವರ ಅಭಿಪ್ರಾಯ

ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ನಾನು ಓದಿದ ಪ್ರಾಚೀನ ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಕೋರ್ಸು, ಕೊಟ್ಟ ಶುಲ್ಕಕ್ಕೂ ಪಟ್ಟ ಶ್ರಮಕ್ಕೂ ತಕ್ಕ ಫಲ ಕೊಟ್ಟಿತು. ಮೊದಲ ಆರು ವಾರ ಬರೀ ವ್ಯಾಕರಣ. ವಿಭಕ್ತಿಗಳನ್ನು ಬಾಲ್ಯದಿಂದ ಬಲ್ಲ ಕನ್ನಡಿಗರಿಗೆ ಅದು ಅಷ್ಟು ಕಷ್ಟವೆನಿಸದು. ಆಮೇಲೆ 3182 ಸಾಲುಗಳ ಬೇವುಲ್ಫ್ ಎಂಬ ವೀರಕಾವ್ಯದ ಆಯ್ದ ಭಾಗಗಳನ್ನು ಮೂಲದಲ್ಲೇ ಓದಿಸಿದರು. ಪ್ರತಿ ಸಾಲೂ ನಡುವಿನ ಯತಿಯಿಂದ ಇಬ್ಭಾಗವಾಗಿ, ಒತ್ತು ಬೀಳುವ ಪದಗಳ ಮೊದಲ ಧ್ವನಿಗಳ ಸಾಮ್ಯದಿಂದ ಮತ್ತೆ ಬೆಸೆದುಕೊಳ್ಳುವುದನ್ನು ಅಧ್ಯಾಪಕರು ಮೇಜು ತಟ್ಟುತ್ತ ಓದಿ ತೋರಿಸಿದಾಗ, ಎರಡನೆಯ ಅಕ್ಷರದಲ್ಲಿ ಪ್ರಾಸವಿಡುವ ನಮ್ಮ ಹಳಗನ್ನಡ ಪದ್ಯಗಳು ನೆನಪಾಗಿ ಮೈ ಜುಮ್ಮೆಂದಿತು. ಕಡಲನ್ನು ‘ತಿಮಿಂಗಿಲದ ದಾರಿ’ ಎನ್ನುವ ಒಂದೇ ಸಮಾಸದ ಮೇಲೆ ಇಡೀ ತರಗತಿ ನಡೆಯಿತು. ನನಗೆ ಅತ್ಯಂತ ಪ್ರಿಯವಾದ ಗಂಟೆ ಅದೇ. 1731ರ ಬೆಂಕಿಯಲ್ಲಿ ಅಂಚು ಸುಟ್ಟ, ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಆ ಕಾವ್ಯದ ಏಕೈಕ ಹಸ್ತಪ್ರತಿಯಿಂದ ಉದುರಿಹೋದ ಅಕ್ಷರಗಳನ್ನು ಹಳೆಯ ನಕಲುಗಳ ನೆರವಿನಿಂದ ತುಂಬುವ ಬಗೆಯನ್ನೂ ಕಲಿಸಿದರು.

ಆದರೆ 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಮೂರು ಶತಮಾನಗಳನ್ನು ಎರಡೇ ವಾರದಲ್ಲಿ ಮುಗಿಸಿದ್ದು ಸರಿಯಲ್ಲ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್‌ನ ಕಾಲಕ್ಕೆ ಭಾಷೆ ಹೇಗೆ ಬದಲಾಯಿತೆಂದು ತಿಳಿಯಲು ನಾನೇ ಗ್ರಂಥಾಲಯದಲ್ಲಿ ಕೂರಬೇಕಾಯಿತು. ಅನುವಾದವನ್ನಷ್ಟೇ ಓದಿ ಪರೀಕ್ಷೆ ಮುಗಿಸಬಯಸುವವರಿಗೆ ಇದು ಬೇಡ. ಹಳಗನ್ನಡವನ್ನು ಪ್ರೀತಿಯಿಂದ ಓದಿದವರು ಧೈರ್ಯವಾಗಿ ಸೇರಬಹುದು.